ಕಲ್ಲಿದ್ದಲ ಗಣಿಯೂ ಕುಡಿಯುವ ಬಾವಿಯೂ

ನೀರಿನ ಪರ್ಯಾಯನಾಮಗಳನ್ನು ಹೇಳುವಲ್ಲಿ ಅಮರಸಿಂಹನು ತನ್ನ ಕೋಶದಲ್ಲಿ ‘ಜೀವನ’ವೆಂಬ ಶಬ್ದವನ್ನೂ ಸೇರಿಸಿರುವನು. ಬಾಳಿಗೂ ನೀರಿಗೂ ಒಂದೇ ಹೆಸರು ಸಲ್ಲುವುದಾದರೆ, ಅದರ ಲೆಕ್ಕವನ್ನಿಡುವುದರಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಲೋಕದ ನಡೆಯು ಹಾಗಿಲ್ಲ. ಹಣವನ್ನು ಎಣಿಸಿ ಇಡುವೆವು. ರಾಗಿಯನ್ನು ಅಳೆದು ತುಂಬುವೆವು. ನೆಲದೊಳಗಿನ ನೀರನ್ನು ಮಾತ್ರ ಎಷ್ಟಿದೆಯೆಂದು ನೋಡದೆ ಮೇಲಕ್ಕೆತ್ತುವೆವು. ಅದು ಬತ್ತಿದ ದಿನ ದೈವವನ್ನೋ ನೆರೆಯವನನ್ನೋ ದೂರುವೆವು. ಬಾವಿಯ ನೀರಿನ ಮಟ್ಟವನ್ನು ಅಳೆದು ಬರೆದಿಡುವ ಕ್ರಮವು ಕಲ್ಲಿದ್ದಲ ಗಣಿಗಳ ನೆರೆಯಲ್ಲಿ ಹೇಗೆ ನಡೆಯುವುದು, ಅದರಿಂದ ಯಾವ ನ್ಯಾಯವು ದೊರೆಯಬಹುದು, ಅಂತಹ ಗಣಿಯಿಲ್ಲದ ನಮ್ಮ ಸೀಮೆಯವರು ಅದರಿಂದ ಕಲಿಯತಕ್ಕದ್ದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

“ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿರುವವರಿಗೆ ಕಲ್ಲಿದ್ದಲ ಗಣಿಯ ಗೊಡವೆಯೇಕೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ನಮ್ಮ ಕಾಲ ಕೆಳಗಿರುವುದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಗಟ್ಟಿ ಶಿಲೆ. ಯಾವ ಅರಣ್ಯಗಳು ಹೂತುಹೋಗಿ ಕಲ್ಲಿದ್ದಲಾದುವೋ ಅವುಗಳು ಬೆಳೆದದ್ದು ಇದಕ್ಕೆ ಎಷ್ಟೋ ಈಚೆಗೆ, ಅಂದರೆ 25ರಿಂದ 30 ಕೋಟಿ ವರ್ಷಗಳ ಹಿಂದೆ. ಆದಕಾರಣ ಈ ಶಿಲೆಯಲ್ಲಿ ಕಲ್ಲಿದ್ದಲು ಸಿಕ್ಕುವಂತಿಲ್ಲ. ಆದರೂ ಕಲ್ಲಿದ್ದಲು ನಮ್ಮ ಮನೆಗಳಿಗೆ ಅಪರಿಚಿತವಲ್ಲ. ರಾಯಚೂರಿನ ಶಕ್ತಿನಗರದಲ್ಲಿಯೂ ಬಳ್ಳಾರಿಯ ಕುಡತಿನಿಯಲ್ಲಿಯೂ ಇರುವ ಶಾಖ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲನ್ನು ಉರಿಸಿಯೇ ವಿದ್ಯುತ್ತನ್ನು ಹುಟ್ಟಿಸುತ್ತವೆ. ಆ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯೇ ಮುಂತಾದ ಗಣಿಗಳಿಂದ ಬರುವುದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಎಂಬಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೆಂದೇ ಹಂಚಲ್ಪಟ್ಟ ಗಣಿಯೊಂದಿದೆ. ಜಲಪಾತ, ಗಾಳಿ, ಬಿಸಿಲುಗಳಿಂದ ಬರುವ ವಿದ್ಯುತ್ತೂ ನಮಗೆ ಉಂಟು. ಬಿಸಿಲಿನಿಂದ ವಿದ್ಯುತ್ ಪಡೆಯುವ ಮಹಾ ಕ್ಷೇತ್ರವು ನಮ್ಮ ಜಿಲ್ಲೆಯ ಪಾವಗಡದಲ್ಲಿಯೇ ಇದೆ. ಹಾಗಿದ್ದರೂ ರಾತ್ರಿಯಲ್ಲಿ ನಾವು ಹಚ್ಚುವ ದೀಪದ ಒಂದು ಪಾಲು, ಕೊಳವೆಬಾವಿಯ ಮೋಟಾರು ತಿರುಗುವ ಬಲದ ಒಂದು ಪಾಲು, ಆ ದೂರದ ಗಣಿಗಳಿಗೆ ಋಣಿಯಾಗಿರುವುದು. ಅಲ್ಲಿಯ ಹಳ್ಳಿಗಳ ಬಾವಿಗಳಲ್ಲಿ ನೀರು ಎಷ್ಟಿದೆಯೆಂಬುದು ನಮಗೆ ಸಂಬಂಧಿಸಿದ ವಿಷಯವೇ ಸರಿ.

ಇನ್ನು ಗಣಿಗೂ ಬಾವಿಗೂ ಇರುವ ಸಂಬಂಧವನ್ನು ನೋಡೋಣ. ನಮ್ಮ ದೇಶದ ಕಲ್ಲಿದ್ದಲು ಬಹುಮಟ್ಟಿಗೆ ಮರಳುಗಲ್ಲಿನ ಪದರಗಳ ನಡುವೆ ಹುದುಗಿರುತ್ತದೆ. ಮರಳುಗಲ್ಲು ನೀರನ್ನು ಹೀರಿ ಹಿಡಿದಿಡುವ ಕಲ್ಲು. ತೆರೆದ ಗಣಿಯ ಗುಂಡಿಯು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಇಳಿದೊಡನೆಯೇ ಸುತ್ತಲಿನ ಪದರಗಳಿಂದ ನೀರು ಜಿನುಗಿ ಒಳಗೆ ಸೇರತೊಡಗುವುದು. ಗುಂಡಿಯಲ್ಲಿ ನೀರು ನಿಂತರೆ ಕೆಲಸವು ನಡೆಯದು. ಆದುದರಿಂದ ಗಣಿಯವರು ಅದನ್ನು ಪಂಪುಗಳಿಂದ ಹೊರಕ್ಕೆ ಹಾಕುತ್ತಲೇ ಇರಬೇಕು. ಹೀಗೆ ಎಡೆಬಿಡದೆ ತೆಗೆದಾಗ ನೆಲದೊಳಗಿನ ನೀರಿನ ಮೇಲ್ಮೈಯು ಗಣಿಯ ಕಡೆಗೆ ಇಳಿಜಾರಾಗಿ, ಲಾಳಿಕೆಯ ಆಕಾರವನ್ನು ತಾಳುವುದು. ಲಾಳಿಕೆಯ ಬುಡವು ಗಣಿಯಲ್ಲಿ. ಅದರ ಅಂಚು ಎಲ್ಲಿಯವರೆಗೆ ಹರಡುವುದೆಂಬುದು ಕಲ್ಲಿನ ಗುಣ, ಗಣಿಯ ಆಳ, ಪಂಪು ಮಾಡಿದ ಕಾಲ ಇವುಗಳನ್ನು ಅವಲಂಬಿಸಿದೆ. ಆ ಅಂಚಿನೊಳಗೆ ಬಿದ್ದ ಬಾವಿಯು ತಾನು ಯಾರಿಗೂ ಕೊಡದಿದ್ದರೂ ತನ್ನ ನೀರನ್ನು ಕಳೆದುಕೊಳ್ಳುವುದು. ಮನೆಯ ಹೆಂಗಸರಿಗೆ ಇದು ಮೊದಲು ತಿಳಿಯುವುದು ಹಗ್ಗದಿಂದ: ಹೋದ ವರ್ಷದ ಹಗ್ಗವು ಈ ವರ್ಷ ಸಾಲದೆ ಹೋಗುವುದು.

ಆದರೆ ಹಗ್ಗ ಸಾಲದೆಂದು ಹೇಳಿದ ಮಾತ್ರಕ್ಕೆ ವಾದವು ನಿಲ್ಲುವುದಿಲ್ಲ. “ಈ ಸಲ ಮಳೆಯೇ ಕಡಮೆ, ನಿಮ್ಮ ಬಾವಿ ಬತ್ತಿದ್ದಕ್ಕೆ ನಾವೇನು ಮಾಡೋಣ?” ಎಂದು ಗಣಿಯವರು ಹೇಳಬಹುದು, ಅದು ಒಮ್ಮೊಮ್ಮೆ ನಿಜವೂ ಆಗಿರಬಹುದು. “ಮಳೆ ಹಿಂದೆಯೂ ಕಡಮೆಯಾಗಿತ್ತು, ಬಾವಿ ಹೀಗೆ ಬತ್ತಿರಲಿಲ್ಲ” ಎಂದು ಊರಿನ ಹಿರಿಯರು ಹೇಳಬಹುದು, ಅದೂ ನಿಜವಾಗಿರಬಹುದು. ಎರಡು ಮಾತುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ದಿಟವೆಂದು ತೀರ್ಮಾನಿಸುವುದಕ್ಕೆ ನೆನಪು ಸಾಲದು, ಕಂಠವೂ ಸಾಲದು. ಬರೆದಿಟ್ಟ ಅಂಕಿಯೊಂದೇ ಅಲ್ಲಿ ಸಾಕ್ಷಿ. ಈ ಕಾರಣದಿಂದಲೇ ಕೇಂದ್ರ ಸರ್ಕಾರದ ಪರಿಸರ ಸಚಿವಾಲಯವು ಕಲ್ಲಿದ್ದಲ ಗಣಿಗಳಿಗೆ ಅನುಮತಿ ಕೊಡುವಾಗ, ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ 4 ಸಲ ಅಳೆಯತಕ್ಕದ್ದೆಂಬ ಷರತ್ತನ್ನು ಸಾಮಾನ್ಯವಾಗಿ ವಿಧಿಸುವುದು: ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ, ಮಳೆಗಾಲದ ಆಗಸ್ಟಿನಲ್ಲಿ, ಮಳೆ ತೀರಿದ ನವೆಂಬರಿನಲ್ಲಿ, ಚಳಿಗಾಲದ ಜನವರಿಯಲ್ಲಿ. ಗಣಿಯಿಂದ ಬಾವಿಗಳು ಬತ್ತಿದರೆ ಊರಿನವರಿಗೆ ನೀರನ್ನು ಒದಗಿಸುವ ಹೊಣೆಯನ್ನೂ ಗಣಿಯವರ ಮೇಲೆ ಹೊರಿಸುವುದುಂಟು. ಆದರೆ ‘ಗಣಿಯಿಂದ’ ಎಂಬ ಆ ಒಂದು ಪದವನ್ನು ಸಾಧಿಸುವುದಕ್ಕೆ ಅಳತೆಯ ಪುಸ್ತಕವೇ ಬೇಕು.

ನಾಲ್ಕು ಸಲವೇಕೆ, ಒಂದು ಸಲ ಸಾಲದೆ? ಬಾವಿಯ ನೀರು ಮನುಷ್ಯನ ಉಸಿರಿನಂತೆ ವರ್ಷಕ್ಕೊಮ್ಮೆ ಏರಿ ಇಳಿಯುವುದು. ಬೇಸಗೆಯ ಕೊನೆಯಲ್ಲಿ ಅತ್ಯಂತ ಆಳಕ್ಕೆ ಇಳಿದು, ಮಳೆಗಾಲದ ಕೊನೆಯ ವೇಳೆಗೆ ಮೇಲೇರುವುದು. ಇಳಿದದ್ದನ್ನು ಮಾತ್ರ ನೋಡಿದರೆ ಬತ್ತಿತೆಂದು ಹೆದರುವೆವು. ಏರಿದ್ದನ್ನು ಮಾತ್ರ ನೋಡಿದರೆ ಸಮೃದ್ಧಿಯೆಂದು ಮೋಸಹೋಗುವೆವು. ನಾವು ಉಪಾಧ್ಯಾಯರಾಗಿದ್ದ ಕಾಲದಲ್ಲಿ ಶಾಲೆಯ ಬಾವಿಯನ್ನು ಮಕ್ಕಳಿಂದ ತಿಂಗಳಿಗೊಮ್ಮೆ ಅಳೆಯಿಸಿ, ಚೌಕಳಿ ಹಾಳೆಯ ಮೇಲೆ ಗೆರೆಯೆಳೆಯಿಸುವ ಪದ್ಧತಿಯನ್ನಿಟ್ಟುಕೊಂಡಿದ್ದೆವು. ಒಂದು ವರ್ಷ ಒಳ್ಳೆಯ ಮಳೆ ಸುರಿದ ಮಾರನೆಯ ವಾರವೇ ಒಬ್ಬ ಬಾಲಿಕೆಯು, “ಮೇಷ್ಟ್ರೇ, ಕೆರೆಗೆ ನೀರು ಬಂತು, ಬಾವಿಗೆ ಏಕೆ ಬರಲಿಲ್ಲ?” ಎಂದು ಕೇಳಿದಳು. ಮಳೆಯ ನೀರು ಮಣ್ಣಿನ ದಾಹವನ್ನು ಮೊದಲು ತೀರಿಸಿ, ಮಿಕ್ಕದ್ದು ಮೆಲ್ಲಮೆಲ್ಲನೆ ಕೆಳಕ್ಕೆ ಇಳಿದು ಬಾವಿಯನ್ನು ಮುಟ್ಟುವುದಕ್ಕೆ ದಿನಗಳೂ ವಾರಗಳೂ ಬೇಕೆಂಬುದನ್ನು ನಾವು ಹೇಳಿದುದಕ್ಕಿಂತ ಆ ಗೆರೆಯೇ ಅವಳಿಗೆ ಚೆನ್ನಾಗಿ ಹೇಳಿತು.

ಗಣಿಯ ನೆರೆಯಲ್ಲಿ ತೋಡುಬಾವಿಗಳನ್ನು ಅಳೆಯುವುದರ ಜೊತೆಗೆ ‘ಪೀಜೋಮೀಟರ್’ ಎಂಬ ತೆಳುವಾದ ಅಳತೆಯ ಕೊಳವೆಗಳನ್ನೂ ಇಳಿಸುವರು. ಇದರಿಂದ ಯಾರೂ ನೀರನ್ನು ಸೇದುವುದಿಲ್ಲ. ನೋಡುವುದಕ್ಕಾಗಿಯೇ ಅದು ಇರುವುದು. ನೆಲದೊಳಗೆ ನೀರಿನ ಪದರವು ಒಂದೇ ಅಲ್ಲ. ಮೇಲಿನ ಪದರದ ನೀರು ತೋಡುಬಾವಿಗೆ ಬರುವುದು. ಅದರ ಕೆಳಗೆ ಜೇಡಿಯ ಅಥವಾ ಬಿಗಿಯಾದ ಕಲ್ಲಿನ ಮರೆಯಲ್ಲಿ ಬೇರೊಂದು ಪದರವಿರಬಹುದು. ಗಣಿಯು ಕೆಳಗಿನದನ್ನು ಬರಿದುಮಾಡುತ್ತಿದ್ದರೂ ಮೇಲಿನ ಬಾವಿಯು ಕೆಲವು ಕಾಲ ತುಂಬಿದಂತೆಯೇ ಕಾಣಬಹುದು. ಆದಕಾರಣ ಪದರಕ್ಕೊಂದು ಕೊಳವೆಯನ್ನಿಟ್ಟು, ಆಯಾ ಪದರದ ಮಟ್ಟವನ್ನು ಬೇರೆ ಬೇರೆಯಾಗಿ ನೋಡುವರು. ಈ ಭಾವನೆಯು ನಮ್ಮವರಿಗೆ ಹೊಸದಲ್ಲ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಒಂದು ಅಧ್ಯಾಯವನ್ನೇ ಅಂತರ್ಜಲಕ್ಕೆ ಮೀಸಲಿಟ್ಟಿರುವನು. ಶರೀರದಲ್ಲಿ ಸಿರೆಗಳಿರುವಂತೆ ಭೂಮಿಯಲ್ಲಿಯೂ ಕೆಲವು ಮೇಲೆ ಕೆಲವು ಕೆಳಗೆ ನೀರಿನ ಸಿರೆಗಳುಂಟೆಂಬುದು ಅವನ ಅಭಿಪ್ರಾಯ. ಆಳವನ್ನು ಅವನು ‘ಪುರುಷ’ ಪ್ರಮಾಣದಿಂದ, ಎಂದರೆ ಕೈಯೆತ್ತಿ ನಿಂತ ಆಳಿನ ಎತ್ತರದಿಂದ, ಹೇಳುವನು. ಅವನು ಹೇಳಿದ ಹುತ್ತ, ಗಿಡಮರಗಳ ಲಕ್ಷಣಗಳೆಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವುವೆಂದು ನಾವು ವಾದಿಸುವುದಿಲ್ಲ. ಆಳವನ್ನು ಅಳತೆಯಿಂದಲೇ ಹೇಳಬೇಕೆಂಬ ಅವನ ಶಿಸ್ತು ಮಾತ್ರ ನಿಲ್ಲತಕ್ಕದ್ದು. ಕೌಟಿಲ್ಯನು ಕೋಷ್ಠಾಗಾರದಲ್ಲಿ ಮಳೆಯನ್ನು ಅಳೆಯುವ ಪಾತ್ರೆಯನ್ನಿಡಬೇಕೆಂದು ವಿಧಿಸಿದ್ದೂ ಇದೇ ಶಿಸ್ತಿನಿಂದ.

ಅಂಕಿಗಳು ಸೇರಿದ ಮೇಲೆ ಅವುಗಳನ್ನು ಓದುವ ಬಗೆ ಹೇಗೆ? ಇಲ್ಲಿಯೇ ಈ ವಿದ್ಯೆಯ ಸಾರವಿರುವುದು. ಗಣಿಯ ಬಳಿಯ ಬಾವಿಗಳನ್ನು ಮಾತ್ರವಲ್ಲದೆ, ಗಣಿಯ ಪ್ರಭಾವವು ಮುಟ್ಟದಷ್ಟು ದೂರದಲ್ಲಿರುವ, ಅದೇ ಬಗೆಯ ಕಲ್ಲಿನ ಮೇಲಿರುವ, ಕೆಲವು ಬಾವಿಗಳನ್ನೂ ಅದೇ ದಿನಗಳಲ್ಲಿ ಅಳೆಯಬೇಕು. ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ: ಹೋದ ನವೆಂಬರಿನಲ್ಲಿ ಹತ್ತಿರದ ಬಾವಿಯಲ್ಲಿಯೂ ದೂರದ ಬಾವಿಯಲ್ಲಿಯೂ ನೀರು ನೆಲಮಟ್ಟದಿಂದ 4 ಮೀಟರು ಕೆಳಗಿತ್ತು. ಈ ನವೆಂಬರಿನಲ್ಲಿ ದೂರದ ಬಾವಿಯಲ್ಲಿ 5 ಮೀಟರಿಗೂ ಹತ್ತಿರದ ಬಾವಿಯಲ್ಲಿ 9 ಮೀಟರಿಗೂ ಇಳಿದಿದೆ. ಮಳೆಯ ಕೊರತೆಯು ಎರಡಕ್ಕೂ ಸಮಾನವಾದುದು; ಅದರ ಪಾಲು ಸ್ಥೂಲವಾಗಿ 1 ಮೀಟರು. ಮಿಕ್ಕ 4 ಮೀಟರಿಗೆ ಬೇರೆ ಕಾರಣವನ್ನು ಹುಡುಕಬೇಕು. ಆ ಊರಿನಲ್ಲಿ ಹೊಸ ಕೊಳವೆಬಾವಿಗಳು ಬಂದಿವೆಯೇ ಎಂದು ಮೊದಲು ವಿಚಾರಿಸಬೇಕು. ಬಂದಿಲ್ಲವೆಂದಾದರೆ, ಗಣಿಯಿಂದ ದೂರ ಹೋದಂತೆಲ್ಲ ಇಳಿತವು ಕಡಮೆಯಾಗುತ್ತದೆಯೆಂದೂ ಕಂಡರೆ, ಆಗ ಗಣಿಯ ಕಡೆಗೆ ಬೆರಳು ತೋರಿಸುವುದಕ್ಕೆ ಆಧಾರವುಂಟು. ಎರಡು ಬಾವಿಗಳೂ ಸಮವಾಗಿ ಇಳಿದಿದ್ದರೆ ಗಣಿಯವರನ್ನು ದೂರುವುದು ಅನ್ಯಾಯವಾಗುವುದು. ಅಳತೆಯು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದರ ಬೆಲೆಯೂ ಅದೇ.

ಇದರಿಂದ ಇನ್ನೊಂದು ಮಾತು ಸಿದ್ಧವಾಗುವುದು: ಅಳತೆಯು ಗಣಿಯನ್ನು ತೋಡುವುದಕ್ಕೆ ಮುಂಚೆಯೇ ಮೊದಲಾಗಬೇಕು. ಮೊದಲಿನ ಮಟ್ಟವು ತಿಳಿಯದಿದ್ದರೆ ಇಳಿದದ್ದೆಷ್ಟೆಂದು ಹೇಳುವವರಾರು? ಗಣಿಯು ಮುಚ್ಚಿದ ಮೇಲೆಯೂ ಅಳತೆಯು ನಿಲ್ಲಬಾರದು. ಜರ್ಮನಿಯ ರೈನ್ ನದಿಯ ಸೀಮೆಯಲ್ಲಿ ಕಂದು ಕಲ್ಲಿದ್ದಲಿಗಾಗಿ ನೂರಾರು ಮೀಟರು ಆಳದ ತೆರೆದ ಗಣಿಗಳನ್ನು ತೋಡಿ, ಬಹು ವಿಸ್ತಾರವಾದ ಪ್ರದೇಶದ ಅಂತರ್ಜಲವನ್ನು ಕೆಳಗಿಳಿಸಿರುವರು. ಅಲ್ಲಿಯ ನೀರಿನ ವಿಚಾರವನ್ನು ನೋಡಿಕೊಳ್ಳುವುದಕ್ಕಾಗಿ ಎರ್ಫ್ಟ್ ಎಂಬ ನದಿಯ ಹೆಸರಿನ ಸಂಘವೊಂದನ್ನು 1958ರಲ್ಲಿ ಕಾನೂನಿನ ಮೂಲಕವೇ ಸ್ಥಾಪಿಸಿದರು. ಪಂಪುಗಳು ನಿಂತ ಮೇಲೆ ನೀರು ವರ್ಷಾನುವರ್ಷ ಮೇಲೇರುತ್ತ ಬರುವುದು. ಮಟ್ಟವು ಇಳಿದಿದ್ದ ಕಾಲದಲ್ಲಿ ಕಟ್ಟಿದ ಮನೆಗಳ ನೆಲಮಾಳಿಗೆಗೆ ಅದು ಹೊಕ್ಕೀತೆಂಬ ಚಿಂತೆಯೂ ಅಲ್ಲಿಯವರಿಗೆ ಉಂಟು. ಮಟ್ಟದೊಡನೆ ನೀರಿನ ಗುಣವನ್ನೂ ಪರೀಕ್ಷಿಸಬೇಕು. ಗಣಿಯಲ್ಲಿ ಬಯಲಾದ ಗಂಧಕಯುಕ್ತ ಖನಿಜವು ಗಾಳಿ ನೀರುಗಳೊಡನೆ ಸೇರಿದರೆ ನೀರು ಹುಳಿಯಾಗಿ, ಕಬ್ಬಿಣವೇ ಮುಂತಾದುವನ್ನು ಕರಗಿಸಿಕೊಳ್ಳುವುದುಂಟು.

ಪ್ರಕೃತ ನಮ್ಮ ಸೀಮೆಗೆ ಬರೋಣ. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗಕೇಂದ್ರವನ್ನೂ ಅದು ಪ್ರಸಿದ್ಧಿಗೆ ತಂದ ಸಿದ್ದು ಹಲಸನ್ನೂ ಕೇಳಿರುವವರು ಬಹುಮಂದಿ. ಹೆದ್ದಾರಿಯ ಪಕ್ಕದ ಕೈಗಾರಿಕಾ ಪ್ರದೇಶವನ್ನು ಕಂಡವರೂ ಉಂಟು. ತೋಟಕ್ಕೂ ಕಾರ್ಖಾನೆಗೂ ಮನೆಗೂ ಬೇಕಾದುದು ನೀರೇ. ಶಿಂಷಾ, ಜಯಮಂಗಲಿ ನದಿಗಳು ನಮಗೆ ಸಮೀಪದ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆಯು ಇಲ್ಲಿಲ್ಲ. ಹಿಂದಿನವರು ಮೇಲಿನ ಶಿಥಿಲವಾದ ಕಲ್ಲಿನ ಪದರದಲ್ಲಿ ನಿಂತ ನೀರನ್ನು ತೋಡುಬಾವಿಗಳಿಂದ ಪಡೆದು, ಎತ್ತುಗಳನ್ನು ಹೂಡಿ ಕಪಿಲೆಯಿಂದ ಎತ್ತಿ ತೋಟಗಳಿಗೆ ಹಾಯಿಸುತ್ತಿದ್ದರು. ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆಗಳ ಕಡೆಯಲ್ಲಿ ತಲಪರಿಗೆಗಳೆಂಬ ಊಟೆಗಳಿದ್ದುವು. ಮರಳು ನೆಲದಲ್ಲಿ ತಾನಾಗಿ ಒಸರುವ ನೀರನ್ನು ಕಾಲುವೆ ತೋಡಿ ಊರಿನವರೆಲ್ಲರೂ ಹಂಚಿಕೊಳ್ಳುತ್ತಿದ್ದರು. ಕಪಿಲೆಯ ಎತ್ತು ದಣಿಯುತ್ತಿತ್ತು. ಅದು ದಣಿದಾಗ ಬಾವಿಗೂ ವಿಶ್ರಾಂತಿಯು ದೊರೆಯುತ್ತಿತ್ತು. ಮೋಟಾರು ದಣಿಯದು.

ಒಂದು ಕೊಳವೆಬಾವಿಯೂ ಚಿಕ್ಕದೊಂದು ಗಣಿಯಂತೆಯೇ ಸರಿ. ಅದರ ಸುತ್ತಲೂ ನೀರಿನ ಮಟ್ಟವು ಲಾಳಿಕೆಯಂತೆ ಇಳಿಯುವುದು. ಪಕ್ಕದ ಹೊಲದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು ಬಂದಾಗ ಲಾಳಿಕೆಗಳು ಒಂದರೊಡನೊಂದು ಕೂಡಿಕೊಂಡು, ಇಡೀ ಊರಿನ ಮಟ್ಟವೇ ಇಳಿಯುವುದು. ಆಗ ಮೊದಲು ಬತ್ತುವುದು ತೋಡುಬಾವಿ. ಕಲ್ಲಿದ್ದಲ ಗಣಿಯ ಬಳಿ ಒಬ್ಬ ಪ್ರತಿವಾದಿಯನ್ನಾದರೂ ತೋರಿಸಬಹುದು. ಇಲ್ಲಿ ವಾದಿಯೂ ಪ್ರತಿವಾದಿಯೂ ನಾವೇ ಆಗಿರುವೆವು. ಒಂದು ವರ್ಷದಲ್ಲಿ ನೆಲಕ್ಕೆ ಇಂಗಿ, ಬಳಕೆಗೆ ಒದಗುವ ನೀರಿಗಿಂತ ಹೆಚ್ಚಾಗಿ, ಎಂದರೆ ನೂರಕ್ಕೆ ನೂರನ್ನು ಮೀರಿ, ಎತ್ತುವ ಪ್ರದೇಶವನ್ನು ಸರ್ಕಾರದ ಲೆಕ್ಕದಲ್ಲಿ ‘ಅತಿಬಳಕೆ’ಯದೆಂದು ಕರೆಯುವರು. ನಮ್ಮ ಜಿಲ್ಲೆಯಲ್ಲಿ ಅಂತಹ ತಾಲ್ಲೂಕುಗಳು ಒಂದೆರಡಲ್ಲ. ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಕಡೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳೂ ಇವೆ. ಅಕ್ರಮ ಗಣಿಗಾರಿಕೆಯ ದೂರುಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತುಮಕೂರು, ಚಿತ್ರದುರ್ಗ, ಬಳ್ಳಾರಿ ಜಿಲ್ಲೆಗಳ ಗಣಿಗಾರಿಕೆಯನ್ನೇ ತಡೆಹಿಡಿದುದು ವಾಚಕರಿಗೆ ನೆನಪಿರಬಹುದು. ಗಣಿಯ ನೆರೆಯ ಬಾವಿಯೆಂಬುದು ನಮಗೆ ತೀರ ಹೊರಗಿನ ಮಾತಲ್ಲ.

ಬಾವಿಗಳನ್ನು ಅಳೆಯುವ ಕೆಲಸವನ್ನು ಕೇಂದ್ರ ಅಂತರ್ಜಲ ಮಂಡಳಿಯೂ ರಾಜ್ಯದ ಅಂತರ್ಜಲ ಇಲಾಖೆಯೂ ಮಾಡುತ್ತಿವೆ. ದೇಶದ ಎಲ್ಲೆಡೆಯಲ್ಲಿಯೂ ಗೊತ್ತುಮಾಡಿದ ಬಾವಿಗಳ ಮಟ್ಟವನ್ನು ನೋಡುವ ಏರ್ಪಾಡು 1969ರಿಂದ ನಡೆದು ಬಂದಿದೆ. ಆದರೆ ಅವರ ಬಾವಿಯೊಂದಕ್ಕೂ ಇನ್ನೊಂದಕ್ಕೂ ನಡುವೆ ಅನೇಕ ಹಳ್ಳಿಗಳು ಉಳಿದುಹೋಗುವುವು. ಆ ತೆರವನ್ನು ತುಂಬತಕ್ಕವರು ಊರಿನವರೇ. ಇದು ಅಸಾಧ್ಯವಾದುದೇನೂ ಅಲ್ಲವೆಂಬುದಕ್ಕೆ ನೆರೆಯಲ್ಲಿಯೇ ನಿದರ್ಶನವಿದೆ. ನಮ್ಮ ಪಾವಗಡಕ್ಕೆ ಹೊಂದಿಕೊಂಡಿರುವ ಅನಂತಪುರವೂ ಸೇರಿದಂತೆ, ಆಗಿನ ಆಂಧ್ರಪ್ರದೇಶದ 7 ಬರಗಾಲದ ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನೊಡನೆ ಒಂದು ಪ್ರಯತ್ನವು ನಡೆಯಿತು. ಆರುನೂರಕ್ಕೂ ಹೆಚ್ಚು ಹಳ್ಳಿಗಳ ರೈತರು, ಸ್ತ್ರೀಯರೂ ಸೇರಿ, ಮಳೆಯನ್ನೂ ಕೊಳವೆಬಾವಿಗಳ ಮಟ್ಟವನ್ನೂ ತಾವೇ ಅಳೆದು, ಊರಿನ ಗೋಡೆಯ ಮೇಲೆ ಬರೆದು, ಇರುವ ನೀರಿಗೆ ಯಾವ ಬೆಳೆಯು ತಕ್ಕುದೆಂದು ಸೇರಿ ಯೋಚಿಸಿದರು. ಅವರಲ್ಲಿ ಅನೇಕರಿಗೆ ಹೆಚ್ಚಿನ ವಿದ್ಯಾಭ್ಯಾಸವಿರಲಿಲ್ಲ. 2019ರ ಡಿಸೆಂಬರಿನಲ್ಲಿ ಕರ್ನಾಟಕವೂ ಸೇರಿದಂತೆ 7 ರಾಜ್ಯಗಳಿಗಾಗಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿಯೂ ಗ್ರಾಮಪಂಚಾಯಿತಿಯ ಜನರೇ ನೀರನ್ನು ಅಳೆದು ಲೆಕ್ಕವಿಡಬೇಕೆಂಬುದು ಮುಖ್ಯವಾದ ಅಂಗವಾಗಿತ್ತು.

ಮನೆಯಲ್ಲಿ ಅಳೆಯುವ ಕ್ರಮವು ಸುಲಭವಾದುದು. ಬಾವಿಯ ಕಟ್ಟೆಯ ಮೇಲೆ ಒಂದು ಕಡೆ ಬಣ್ಣದಿಂದ ಗುರುತು ಹಾಕಿ, ಪ್ರತಿಸಲವೂ ಅಲ್ಲಿಂದಲೇ ಅಳೆಯಿರಿ. ಅಂಗಡಿಯಲ್ಲಿ ದೊರೆಯುವ ಉದ್ದನೆಯ ಟೇಪಿನ ತುದಿಗೆ ಶುದ್ಧವಾದ ಕಬ್ಬಿಣದ ತುಂಡೊಂದನ್ನು ಕಟ್ಟಿ, ಕೆಳಗಿನ ಒಂದು ಮೀಟರಿಗೆ ಸೀಮೆಸುಣ್ಣವನ್ನು ಬಳಿದು ಇಳಿಬಿಡಿ. ತುದಿಯು ನೀರಿಗೆ ಮುಳುಗಿದ ಮೇಲೆ, ಟೇಪಿನ ಪೂರ್ಣಾಂಕವೊಂದನ್ನು ಗುರುತಿಗೆ ಸರಿಯಾಗಿ ಹಿಡಿದು ಮೇಲಕ್ಕೆ ತೆಗೆಯಿರಿ. ಗುರುತಿಗೆ ಹಿಡಿದುದು 13 ಮೀಟರು, ಒದ್ದೆಯಾದ ಭಾಗವು 0.60 ಮೀಟರು ಎಂದಾದರೆ, ನೀರಿನವರೆಗಿನ ಆಳವು 12.40 ಮೀಟರು. ಕಟ್ಟೆಯ ಎತ್ತರ 0.80 ಮೀಟರನ್ನು ಅದರಲ್ಲಿ ಕಳೆದರೆ ನೆಲಮಟ್ಟದಿಂದ 11.60 ಮೀಟರು. ಬೆಳಗಿನ ಹೊತ್ತು, ಯಾರೂ ನೀರನ್ನೆತ್ತುವುದಕ್ಕೆ ಮುಂಚೆ, ತಿಂಗಳಿನ ಒಂದೇ ತಾರೀಖಿನಲ್ಲಿ ಅಳೆಯತಕ್ಕದ್ದು. ಹಿಂದಿನ ರಾತ್ರಿ ಮೋಟಾರು ನಡೆದಿದ್ದರೆ ಅದನ್ನೂ ಬರೆಯಿರಿ. ಇಲ್ಲವಾದರೆ ಪಂಪಿನ ಇಳಿತವನ್ನು ಬರಗಾಲದ ಇಳಿತವೆಂದು ಭ್ರಮಿಸುವಂತಾಗುವುದು. ಕೊಳವೆಬಾವಿಯಲ್ಲಿ ಪೈಪೂ ತಂತಿಯೂ ಅಡ್ಡವಾಗುವುದರಿಂದ, ಮೋಟಾರನ್ನು ದುರಸ್ತಿಗೆಂದು ಮೇಲೆತ್ತಿದಾಗ ಅದರ ಜೊತೆಗೆ ಒಂದು ಸಣ್ಣ ಕೊಳವೆಯನ್ನು ಇಳಿಸಿಕೊಂಡರೆ ಅಳತೆಗೆ ಅನುಕೂಲವಾಗುವುದು. ಮಕ್ಕಳನ್ನು ಒಬ್ಬೊಬ್ಬರನ್ನೇ ಬಾವಿಯ ಬಳಿಗೆ ಬಿಡಬಾರದು. ಕಟ್ಟೆಯಿಲ್ಲದ ಹಾಳುಬಾವಿಗಳ ಹತ್ತಿರಕ್ಕೆ ಹೋಗಲೇಬಾರದು.

ತಾರೀಖು, ಆಳ, ಆ ತಿಂಗಳಿನ ಮಳೆ—ಇವಿಷ್ಟೇ ಅಂಕಣಗಳ ಒಂದು ಪುಸ್ತಕವು ಸಾಕು. ಮೊದಲನೆಯ ವರ್ಷ ಅದು ಏನನ್ನೂ ಹೇಳದು. ಮೂರನೆಯ ವರ್ಷ ಮಾತನಾಡತೊಡಗುವುದು. ಹತ್ತನೆಯ ವರ್ಷ ಅದನ್ನು ಯಾರೂ ಅಲ್ಲಗಳೆಯಲಾರರು. ಮಗಳ ಮದುವೆಗೆಂದು ಸಾಲ ಮಾಡಿ ಹೊಸ ಕೊಳವೆಬಾವಿಯನ್ನು ಕೊರೆಯಿಸಬೇಕೆಂದಿರುವ ತೋಟದ ಯಜಮಾನನು ಅದನ್ನು ಒಮ್ಮೆ ತೆರೆದು ನೋಡಿದರೆ, ಸಾಲಕ್ಕೆ ಮೊದಲೇ ವಿವೇಕವು ಹುಟ್ಟೀತು. ಊರಿನ ಬೆಟ್ಟದಲ್ಲಿ ಕಲ್ಲುಗಣಿಯೋ, ಹೊಲದ ಪಕ್ಕದಲ್ಲಿ ಕಾರ್ಖಾನೆಯೋ ಬಂದಾಗ ಪಂಚಾಯಿತಿಯ ಮುಂದೆ ಇಡುವುದಕ್ಕೆ ಕೈಯಲ್ಲಿ ಏನಾದರೂ ಇರುವುದು. ಚಂದ್ರಪುರದ ಕಡೆಯ ಗೃಹಿಣಿಗೆ ನ್ಯಾಯವನ್ನು ಕೊಡತಕ್ಕ ಪುಸ್ತಕವೂ, ಹಿರೇಹಳ್ಳಿಯ ಗೃಹಿಣಿಗೆ ಎಚ್ಚರವನ್ನು ಕೊಡತಕ್ಕ ಪುಸ್ತಕವೂ ಒಂದೇ ಬಗೆಯದು. ಪ್ರತಿಯೊಂದು ಮನೆಯಲ್ಲಿಯೂ ಹಾಲಿನ ಲೆಕ್ಕದ ಪಕ್ಕದಲ್ಲಿ ಬಾವಿಯ ಲೆಕ್ಕವೂ ತೂಗುವಂತಾಗಲಿ, ಅದನ್ನು ಬರೆಯುವ ಹೊಣೆಯನ್ನು ಮನೆಯ ಮಕ್ಕಳಿಗೆ ಒಪ್ಪಿಸಲಿ ಎಂಬುದೇ ವಾಚಕರಲ್ಲಿ ನಮ್ಮ ವಿಜ್ಞಾಪನೆ.